ಶಾಂತಿ ಬಿಲ್ಲೆಗಾಗಿ ಮಾಹೆಗೆ

ವಿರಾಜಪೇಟೆ

ಪರದೇಶಕ್ಕೆ ಹೋಗಿಬಂದವರು ಹಡಗು, ವಿಮಾನ, ಹಿಮ ಎಂದು ಬರೆಯುತ್ತಾರೆ. ನಾನು ಪರದೇಶಕ್ಕೆ ಹೋದದ್ದು ಬಸ್ಸಿನಲ್ಲಿ, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು. ಬೆಳಿಗ್ಗೆ ವಿರಾಜಪೇಟೆ ಬಿಟ್ಟರೆ ಸಂಜೆಯೊಳಗೆ ಫ್ರೆಂಚರ ನೆಲದ ಮೇಲೆ ಕಾಲಿಡಬಹುದಿತ್ತು. ತಲಚೇರಿಯಿಂದ ಒಂದಿಷ್ಟು ದಕ್ಷಿಣಕ್ಕೆ, ಹೊಳೆಯೊಂದು ಸಮುದ್ರ ಸೇರುವಲ್ಲಿ ಮಾಹೆ ಎಂಬ ಪುಟ್ಟ ಊರಿದೆ. ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೋಗಿ ವರ್ಷಗಳಾಗಿದ್ದರೂ ಆ ಊರಿನ ಮೇಲೆ ಇನ್ನೂ ಫ್ರೆಂಚರ ಬಾವುಟವೇ ಹಾರುತ್ತಿತ್ತು. ಹೋಗುವುದಕ್ಕೆ ಅನುಮತಿ ಚೀಟಿ, ಬರುವಾಗ ತಪಾಸಣೆ. ಅದು ಪರದೇಶವಲ್ಲದೆ ಇನ್ನೇನು? ಆಗ ನಮ್ಮ ಕೊಡಗೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳಿದ್ದರು. ಒಂದು ಪುಟ್ಟ ರಾಜ್ಯದವನು ಅದಕ್ಕಿಂತ ಪುಟ್ಟ ಪರದೇಶಕ್ಕೆ ಹೋಗಿಬಂದ ಕಥೆ ಇದು.

ಹೋದದ್ದು ಒಂದು ಬಿಲ್ಲೆಗಾಗಿ. ಬಿಲ್ಲೆ ಎಂದರೆ ಪದಕ. ದೇಶ ದೇಶಗಳ ನಡುವೆ ಯುದ್ಧ ಮುಗಿದು ಒಪ್ಪಂದವಾದಾಗ ಅದರ ನೆನಪಿಗೆ ಅಚ್ಚು ಹಾಕಿಸುತ್ತಿದ್ದ ಹಳೆಯ ಪದಕಗಳನ್ನು ಕೂಡಿಡುವುದು ನನ್ನ ಹುಚ್ಚು. ಇದು ಹತ್ತಿಕೊಂಡದ್ದು ಶನಿವಾರಸಂತೆಯ ಶಾಲೆಯಲ್ಲಿ. ಮೊದಲನೆಯ ದೊಡ್ಡ ಯುದ್ಧ ಮುಗಿದಾಗ ನಮಗೆಲ್ಲ ಒಂದೊಂದು ಬಿಳಿ ಲೋಹದ ಬಿಲ್ಲೆ ಕೊಟ್ಟಿದ್ದರು. ಉಳಿದವರು ಅದನ್ನು ಗೋಲಿಯಾಟದಲ್ಲಿ ಕಳೆದುಕೊಂಡರು, ನಾನು ಇಟ್ಟುಕೊಂಡೆ. ಆಮೇಲೆ ನಮ್ಮಪ್ಪ ಮೆಣಸು, ಏಲಕ್ಕಿ ವ್ಯಾಪಾರಕ್ಕೆಂದು ವಿರಾಜಪೇಟೆಗೆ ಬಂದು ಅಂಗಡಿ ಹಾಕಿದರು. ಅವರ ನಂತರ ನಾನು ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೆ. ಎಸ್ಟೇಟಿನ ದೊರೆಗಳು ಊರು ಬಿಟ್ಟು ಹೋಗುವಾಗ ಬಂಗಲೆಯ ಸಾಮಾನು ಹರಾಜಿಗೆ ಹಾಕುತ್ತಿದ್ದರಲ್ಲ, ಅಲ್ಲಿ ಜನ ಕುರ್ಚಿ, ಕನ್ನಡಿ, ಗ್ರಾಮಫೋನಿಗೆ ಮುಗಿಬಿದ್ದರೆ ನಾನು ಮೇಜಿನ ಡ್ರಾಯರು ಎಳೆದು ನೋಡುತ್ತಿದ್ದೆ. ರಷ್ಯದ ಜೊತೆಗಿನ ಯುದ್ಧ ಮುಗಿದಾಗಿನ ಬಿಲ್ಲೆಯೊಂದು ನನಗೆ ಸಿಕ್ಕಿದ್ದು ಹಾಗೆ, ಹಳೇ ಗುಂಡಿಗಳ ಡಬ್ಬಿಯಲ್ಲಿ.

ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಯುದ್ಧದ ಪದಕ ಇರುತ್ತದೆ. ನಮ್ಮ ಅಂಗಡಿಗೆ ಬರುತ್ತಿದ್ದ ಸುಬೇದಾರ್ ಮಾದಪ್ಪನವರ ಕೋಟಿನ ಮೇಲಂತೂ ಒಂದು ಸಾಲೇ ಇತ್ತು. ನನ್ನ ಸಂಗ್ರಹ ನೋಡಿ ಅವರು ಮೀಸೆಯಲ್ಲೇ ನಕ್ಕಿದ್ದರು. "ಯುದ್ಧ ಮಾಡ್ಲಿಕ್ಕೆ ಇಡೀ ಕೊಡಗು ಉಂಟು ಮಾರಾಯ. ಮುಗಿಸ್ಲಿಕ್ಕೆ ಮಾತ್ರ ನೀನೊಬ್ಬನೇಯಾ?"

ಮಾಹೆಯ ಬಿಲ್ಲೆಯ ಸುದ್ದಿ ತಂದವರು ಮೆಣಸಿನ ದಲ್ಲಾಳಿ ಉಸ್ಮಾನ್ ಕಾಕ. ಅವರ ಹೆಂಡತಿಯ ತವರು ಮಾಹೆ. "ಸೌಕಾರ್ರೇ, ಅಲ್ಲಿ ಒಬ್ರು ಮದಾಮ್ ಇದ್ದಾರೆ, ವಿಧವೆ. ಅವರ ಗಂಡನ ಮುತ್ತಜ್ಜನ ಕಾಲದ ಒಂದು ಬಿಲ್ಲೆ ಉಂಟಂತೆ. ಫ್ರಾನ್ಸಿಗೂ ಇಂಗ್ಲೆಂಡಿಗೂ ರಾಜಿ ಆದಾಗಿನದು. ಊರು ಬಿಟ್ಟು ಹೋಗುವ ಯೋಚನೆ ಅವರಿಗೆ. ನಿಮ್ಗೆ ಬೇಕಾದ್ರೆ ಈಗ್ಲೇ ಹೋಗ್ಬೇಕು."

ನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸಿನ ಆಮಿಯಾ ಎಂಬ ಊರಿನಲ್ಲಿ ಆದ ಒಪ್ಪಂದದ ಬಿಲ್ಲೆ ಅದು ಎಂದು ವಿವರ ಕೇಳಿದ ಮೇಲೆ ಹೊಳೆಯಿತು. ಆ ಒಪ್ಪಂದದಲ್ಲಿ ಫ್ರೆಂಚರಿಗೆ ಅವರ ಹಿಂದೂಸ್ತಾನದ ಊರುಗಳನ್ನು ಹಿಂದಕ್ಕೆ ಕೊಡುವ ಮಾತಿತ್ತು. ಕೊಡುವಷ್ಟರಲ್ಲಿ ಮತ್ತೆ ಯುದ್ಧ ಶುರುವಾಯಿತು. ವರ್ಷದ ಮೇಲೆ ಸ್ವಲ್ಪ ಕಾಲ ಬಾಳಿದ ಶಾಂತಿ. ಆದರೆ ಬಿಲ್ಲೆ ಮಾತ್ರ ಗಟ್ಟಿ ಕಂಚಿನದು.

ಒಬ್ಬನೇ ಹೋಗುವುದೆಂದು ಲೆಕ್ಕ ಹಾಕಿದ್ದೆ. ನನ್ನ ಹೆಂಡತಿ ಗಿರಿಜೆ ಒಪ್ಪಲಿಲ್ಲ. "ಅಲ್ಲಿ ಗುಂಡು ಹಾರಿಸ್ತಾರಂತೆ. ನೀವೊಬ್ರೇ ಹೋದ್ರೆ ನಾನಿಲ್ಲಿ ಕೂತು ಏನ್ ಮಾಡ್ಲಿ? ನಾನೂ ಬತ್ತೀನಿ. ಸಮುದ್ರಾನೂ ನೋಡ್ದಂಗಾಯ್ತು."

ಗುಂಡಿನ ಮಾತು ಸುಳ್ಳಲ್ಲ. ಫ್ರೆಂಚರು ಹೋಗಬೇಕೆಂದು ಆ ಊರಿನವರೇ ಚಳವಳಿ ಹೂಡಿದ್ದರು. ಆ ವರ್ಷ ಅಲ್ಲಿ ಜೀವ ಹೋದ ಸುದ್ದಿಯೂ ಪತ್ರಿಕೆಯಲ್ಲಿ ಬಂದಿತ್ತು. ಸಾಮಾನು ಸಾಗಿಸದಂತೆ ನಮ್ಮ ಕಡೆಯಿಂದ ತಡೆ ಹಾಕಿದ್ದರು. ಚೀಟಿ ಇದ್ದ ಮನುಷ್ಯರನ್ನು ಮಾತ್ರ ಬಿಡುತ್ತಿದ್ದರು. ಉಸ್ಮಾನ್ ಕಾಕ ಓಡಾಡಿ ನಮ್ಮಿಬ್ಬರಿಗೂ ಚೀಟಿ ಮಾಡಿಸಿಕೊಟ್ಟರು.

ಮಾಕುಟ್ಟ

ಆಷಾಢದ ಮಳೆ. ಪೆರುಂಬಾಡಿ ದಾಟಿ ಘಟ್ಟ ಇಳಿಯುವಾಗ ಬಸ್ಸಿನ ಚಾಲಕ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಗಾಜು ಒರೆಸುತ್ತಿದ್ದ. ಗಿರಿಜೆ ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡವಳು ಮಾಕುಟ್ಟ ಬರುವ ತನಕ ಬಿಡಲಿಲ್ಲ.

ಮಾಕುಟ್ಟದ ಗೇಟಿನಲ್ಲಿ ಎಲ್ಲರೂ ಇಳಿದೆವು. ಕಾವಲಿನವನು ನಮ್ಮ ಪೆಟ್ಟಿಗೆ ತೆರೆಸಿದ. ಒಳಗೆ ಎರಡು ಜೊತೆ ಬಟ್ಟೆ, ಚಟ್ನಿಪುಡಿ, ಒಂದು ಭೂತಕನ್ನಡಿ.

"ಎಲ್ಲಿಗೆ?"

"ಮಾಹೆಗೆ."

ಅವನು ನನ್ನ ವಿಭೂತಿ ನೋಡಿದ, ಹೆಂಡತಿಯನ್ನು ನೋಡಿದ. ಮದ್ರಾಸಿನ ಸರ್ಕಾರ ಮಲಬಾರಿನಲ್ಲೆಲ್ಲ ಕುಡಿತ ನಿಲ್ಲಿಸಿದ್ದರಿಂದ ಜನ ಮಾಹೆಗೆ ಹೋಗುತ್ತಿದ್ದದ್ದು ಒಂದೇ ಕೆಲಸಕ್ಕೆ. "ನೋಡಿದ್ರೆ ಹಾಗೆ ಕಾಣೋದಿಲ್ಲ ನೀವು" ಅಂದ. ಏನು ಕಾಣುವುದಿಲ್ಲ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸು ಹೊರಟ ಮೇಲೆ ಗಿರಿಜೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇರಿಟ್ಟಿಯವರೆಗೂ ನಕ್ಕಳು.

ಹೊಳೆಯ ಈಚೆ ದಡ

ತಲಚೇರಿಯಲ್ಲಿ ಬಸ್ಸು ಬದಲಾಯಿಸಿ ಮಾಹೆ ಹೊಳೆಯ ದಡಕ್ಕೆ ಬಂದಾಗ ಮಧ್ಯಾಹ್ನ ವಾಲಿತ್ತು. ಎದುರಿಗೆ ಸೇತುವೆ. ಈಚೆ ತುದಿಯಲ್ಲಿ ನಮ್ಮ ಪೊಲೀಸರು, ಆಚೆ ತುದಿಯಲ್ಲಿ ಕೆಂಪು ಟೊಪ್ಪಿಯ ಫ್ರೆಂಚ್ ಪೊಲೀಸರು. ಆ ಕೆಂಪು ಟೊಪ್ಪಿ ತೊಟ್ಟವರೂ ಈ ಕಡೆಯವರ ಹಾಗೆಯೇ ಮಲಯಾಳಿಗಳು. ಹಗಲೆಲ್ಲ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತಿದ್ದರು.

ಚೀಟಿ ತೋರಿಸುವ ಸಾಲು ಉದ್ದವಿತ್ತು. ಪಕ್ಕದ ಚಹಾದಂಗಡಿಯ ಜಗಲಿಯಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಯುವಕ ಮಲಗಿದ್ದ. ಬಡಕಲು ಮೈ, ಮೇಲೆ ಸೈನ್ಯದ ಹಳೆಯ ಖಾಕಿ ಕೋಟು, ಪಕ್ಕದಲ್ಲಿ ಊರುಗೋಲು. ಜ್ವರ ಬಂದವನ ಹಾಗೆ ನಡುಗುತ್ತಿದ್ದ. ಗಿರಿಜೆ ಏನೂ ಕೇಳದೆ ಎರಡು ಅಕ್ಕಿರೊಟ್ಟಿಯ ಮೇಲೆ ಚಟ್ನಿಪುಡಿ, ತುಪ್ಪ ಹಾಕಿ ಅವನ ಮುಂದೆ ಹಿಡಿದಳು. ಅವನು ಎದ್ದು ಕುಳಿತು ತಿಂದ. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಚಟ್ನಿಪುಡಿ ಖಾರವಿತ್ತು, ಅದಕ್ಕೇ ಇರಬೇಕೆಂದುಕೊಂಡೆ. ನನ್ನ ಗಮನ ಇದ್ದದ್ದು ಅವನ ಕೋಟಿನ ಎದೆಯ ಮೇಲೆ. ಅಲ್ಲಿ ಪದಕ ಸಿಕ್ಕಿಸಿದ್ದ ಪಟ್ಟಿಯ ಗುರುತು ಇತ್ತು, ಪದಕ ಇರಲಿಲ್ಲ.

"ಆಚೆ ಹೋಗ್ಬೇಕಾ?" ಎಂದು ನನ್ನ ವ್ಯಾಪಾರದ ಮಲಯಾಳದಲ್ಲಿ ಕೇಳಿದೆ.

"ಹೋಗ್ಬೇಕು. ಚೀಟಿ ಇಲ್ಲ" ಅಂದ. ಆಮೇಲೆ, "ನೀವು ಹೋಗ್ತೀರಾದ್ರೆ, ಅಲ್ಲಿ..." ಎಂದು ಶುರು ಮಾಡಿದ.

ಅಷ್ಟರಲ್ಲಿ ಪೊಲೀಸಿನವನು ನಮ್ಮ ಹೆಸರು ಕೂಗಿದ. ಹಿಂದಿನವರು ತಳ್ಳಿದರು. ಪೆಟ್ಟಿಗೆ, ಕೊಡೆ, ಗಂಟು ಎಲ್ಲ ಬಾಚಿಕೊಂಡು ಓಡಿದೆವು. ಸೇತುವೆಯ ನಡುವೆ ತಿರುಗಿ ನೋಡಿದರೆ ಅವನು ಊರುಗೋಲು ಹಿಡಿದು ಎದ್ದು ನಿಂತಿದ್ದ.

ಮಾಹೆ

ಪರದೇಶದ ನೆಲ ಮುಟ್ಟಿದಾಗ ಮೈ ಜುಂ ಎನ್ನಬಹುದು ಎಂದುಕೊಂಡಿದ್ದೆ. ಅದೇ ಕೆಸರು, ಅದೇ ತೆಂಗು, ಅದೇ ಮೀನಿನ ವಾಸನೆ. ಆದರೆ ರಸ್ತೆಯ ಹೆಸರಿನ ಫಲಕ ಫ್ರೆಂಚಿನಲ್ಲಿ. ಮುಂಡು ಉಟ್ಟ ಮುದುಕರು ಎದುರಾದರೆ ಕೈಕುಲುಕುತ್ತಾರೆ. ನಮ್ಮಲ್ಲಿ ಎದುರಾದವರು "ಊಟ ಆಯ್ತಾ?" ಎಂದು ಕೇಳಿದರೆ ಇವರು ಆರೋಗ್ಯ ವಿಚಾರಿಸಿ, ಉತ್ತರಕ್ಕೆ ಕಾಯದೆ ಹೋಗಿಬಿಡುತ್ತಾರೆ. ತಡೆಯಿಂದಾಗಿ ಅಂಗಡಿಗಳು ಅರ್ಧ ಖಾಲಿ. ಜನ ಬಾಗಿಲಲ್ಲಿ ನಿಂತು ಪಿಸುಗುಟ್ಟುತ್ತಿದ್ದರು: ಫ್ರೆಂಚರು ಇವತ್ತು ಹೋಗುತ್ತಾರೆ, ನಾಳೆ ಹೋಗುತ್ತಾರೆ, ಹೋಗುವ ಮೊದಲು ಗುಂಡು ಹಾರಿಸುತ್ತಾರೆ, ಇಲ್ಲ, ಹಾರಿಸುವುದಿಲ್ಲ.

ಮದಾಮ್ ಅವರ ಮನೆ ಅಲ್ಲಿನವರು ಇಗರ್ಜಿ ಎನ್ನುವ ಚರ್ಚಿನ ಹಿಂದಿನ ಬೀದಿಯಲ್ಲಿತ್ತು. ತಾಯಿಯ ಕಡೆಯಿಂದ ಮಲಯಾಳಿ, ತಂದೆಯ ಕಡೆಯಿಂದ ಫ್ರೆಂಚ್ ರಕ್ತ. ಕಪ್ಪು ಗೌನು, ಕಾಲಲ್ಲಿ ಮಲಬಾರಿನ ಮರದ ಮೆಟ್ಟು. ಎತ್ತರದ ಹೆಂಗಸು, ಮಾತಾಡಿದರೆ ಮಾತ್ರ ಅಪ್ಪಟ ತಲಚೇರಿ ಮಲಯಾಳ. ಉಸ್ಮಾನ್ ಕಾಕನ ಹೆಸರು ಹೇಳಿದ ಕೂಡಲೇ ಒಳಗೆ ಕರೆದು, ನೆಂಟರಿಗೆ ಕೊಡುವ ಹಾಗೆ ಒಂದು ಕೋಣೆಯನ್ನೇ ಕೊಟ್ಟರು.

ಕಾಫಿ ಬಂತು. ಹಿಡಿಯಿಲ್ಲದ ಬೋಗುಣಿಯಲ್ಲಿ, ಹಾಲಿಲ್ಲದೆ, ಕಷಾಯದಷ್ಟು ಕಪ್ಪಗೆ. ಮದಾಮ್ ಅದರಲ್ಲಿ ಗಟ್ಟಿ ಬ್ರೆಡ್ಡು ಅದ್ದಿ ಅದ್ದಿ ತಿಂದರು. ಕಾಫಿ ಬೆಳೆಯುವ ನಾಡಿನಿಂದ ಬಂದ ನಾವಿಬ್ಬರೂ ಆ ಬೋಗುಣಿಯನ್ನು ಅರ್ಧಕ್ಕೂ ಇಳಿಸಲಾಗಲಿಲ್ಲ. "ಇದ್ರಲ್ಲಿ ಬೆಲ್ಲನೂ ಇಲ್ವಲ್ರೀ" ಎಂದು ಗಿರಿಜೆ ಕಣ್ಣಲ್ಲೇ ಗೋಗರೆದಳು.

"ನಿಮ್ಮದೂ ಪುಟ್ಟ ರಾಜ್ಯವಂತೆ?" ಮದಾಮ್ ಕೇಳಿದರು. "ನಿಮ್ಮನ್ನು ಯಾರಿಗೆ ಕೊಡುತ್ತಾರಂತೆ?"

"ಮೈಸೂರಿಗೆ ಸೇರಿಸ್ತಾರೆ ಅಂತ ಮಾತಿದೆ."

"ನಮ್ಮನ್ನು ದಿಲ್ಲಿಗೆ. ಪುಟ್ಟ ಊರುಗಳನ್ನು ಯಾರೂ ಕೇಳುವುದಿಲ್ಲ, ಅಲ್ಲವೇ?" ಎಂದು ನಕ್ಕರು.

ಆಮೇಲೆ ಬಿಲ್ಲೆ ತಂದರು. ಮೇರಿಯಮ್ಮನ ಪಟದ ಕೆಳಗೆ, ದೀಪದ ಪಕ್ಕದಲ್ಲಿ ಇಟ್ಟಿದ್ದರು. ಅಂಗೈಯ ಗುಳಿಯಲ್ಲಿ ಕೂರುವಷ್ಟು ಅಗಲ, ಒಳ್ಳೆಯ ತೂಕ. ಒಂದು ಮುಖದಲ್ಲಿ ಆಗಿನ ಫ್ರೆಂಚ್ ನಾಯಕನ ತಲೆ, ಇನ್ನೊಂದು ಮುಖದಲ್ಲಿ ಎಲೆಯ ಕೊಂಬೆ ಹಿಡಿದು ನಿಂತ ಹೆಂಗಸು. ಅವಳ ಕಾಲ ಬಳಿ ರಾಶಿ ಬಿದ್ದ ಕತ್ತಿ, ಬಂದೂಕು. ಭೂತಕನ್ನಡಿ ಹಿಡಿದು ನೋಡಿದೆ. ಹೆಂಗಸಿನ ಮುಖ ಸವೆದುಹೋಗಿತ್ತು. ಯಾರೋ ಮತ್ತೆ ಮತ್ತೆ ಬೆರಳಾಡಿಸಿ ಸವೆಸಿದಂತೆ.

"ಸವೆಸಿದ್ದು ನಾನೇ" ಅಂದರು ಮದಾಮ್. "ಕ್ಷಮಿಸಿ. ಕೊಡುತ್ತೇನೆಂದು ಹೇಳಿಕಳಿಸಿದೆ, ನಿಮ್ಮನ್ನು ಇಷ್ಟು ದೂರ ಬರುವಂತೆ ಮಾಡಿದೆ. ಈಗ ಕೊಡಲು ಕೈ ಬರುತ್ತಿಲ್ಲ. ನನ್ನ ಮಗ ಇಂಡೋಚೀನಾದ ಯುದ್ಧದಲ್ಲಿದ್ದಾನೆ. ಅವನಿದ್ದ ಕೋಟೆ ಬೇಸಿಗೆಯಲ್ಲಿ ಬಿತ್ತು. ಆಮೇಲೆ ಸುದ್ದಿಯಿಲ್ಲ. ಸತ್ತನೆಂದೂ ಯಾರೂ ಹೇಳುವುದಿಲ್ಲ, ಇದ್ದಾನೆಂದೂ ಹೇಳುವುದಿಲ್ಲ. ಎಲ್ಲಾದರೂ ಶಾಂತಿ ಆಗಲಿ ಎಂದು ಇದನ್ನು ಹಿಡಿದು ಕೂರುತ್ತೇನೆ. ಅವನ ಸುದ್ದಿ ಬರುವ ತನಕ ಇದು ಇಲ್ಲಿರಲಿ."

ಬಿಲ್ಲೆಯನ್ನು ತಿರುಗಿ ಅವರ ಕೈಯಲ್ಲಿಟ್ಟೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಮಗನ ಹೆಸರೇನು?"

"ಆಂದ್ರೆ."

"ಅಂದ್ರೆ?" ಎಂದು ಗಿರಿಜೆ ನನ್ನ ಕಡೆ ತಿರುಗಿದಳು. "ಅಂದ್ರೆ ಏನಂತೆ? ಕೇಳ್ರಿ."

"ಹೆಸರೇ ಅದು ಕಣೇ."

ಮದಾಮ್ ಗೋಡೆಯ ಮೇಲಿದ್ದ ಫೋಟೋ ಇಳಿಸಿ ಕೊಟ್ಟರು. ದುಂಡು ಕೆನ್ನೆಯ ಹುಡುಗ, ಹೊಸ ಸಮವಸ್ತ್ರ, ಓರೆ ಟೊಪ್ಪಿ. ಗಿರಿಜೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಫೋಟೋ ವಾಪಸು ಕೊಟ್ಟು, "ಸ್ವಲ್ಪ ಬರ್ರಿ ಇಲ್ಲಿ" ಎಂದು ನನ್ನನ್ನು ಕೋಣೆಗೆ ಎಳೆದುಕೊಂಡು ಹೋದಳು.

"ರೀ, ಇವ್ನು ನಮ್ಮ ರೊಟ್ಟಿ ತಿಂದನಲ್ಲ, ಅವ್ನೇ."

"ಯಾರು? ಆ ಬಡಕಲ? ಫೋಟೋದವನ ಕೆನ್ನೆ ನೋಡು, ಅವನ ಕೆನ್ನೆ ನೋಡು!"

"ಕೆನ್ನೆ ಇಳಿಯುತ್ತೆ, ಕಿವಿ ಇಳಿಯುತ್ತಾ? ಎಡಗಿವಿ ತುದಿ ಒಳಕ್ಕೆ ಮಡಚ್ಕೊಂಡಿದೆ. ರೊಟ್ಟಿ ಕೊಡೋವಾಗ ಕಣ್ಣಾರೆ ನೋಡೀನಿ."

ನಾನು ಅವನ ಎದೆ ನೋಡಿದ್ದೆ. ಅವಳು ಅವನ ಮುಖ ನೋಡಿದ್ದಳು. ಆದರೂ ನನಗೆ ನಂಬಿಕೆ ಬರಲಿಲ್ಲ. ನಂಬಿಕೆಗಿಂತ ಹೆಚ್ಚಾಗಿ ಹೆದರಿಕೆ. ಹೇಳಿಬಿಟ್ಟ ಮೇಲೆ ಅವನಲ್ಲ ಎಂದಾದರೆ ಆ ತಾಯಿ ಏನಾಗಬೇಕು?

"ಖಾತ್ರಿ ಆಗೋ ತನಕ ಉಸಿರು ಬಿಡಬೇಡ" ಎಂದೆ. "ಬೆಳಿಗ್ಗೆ ಸೇತುವೆಗೆ ಹೋಗಿ ನಾನೇ ವಿಚಾರಿಸಿ ಬರ್ತೀನಿ."

ಹೊಳೆ

ಬೆಳಿಗ್ಗೆ ಸೇತುವೆ ಮುಚ್ಚಿತ್ತು. ಚೀಟಿ ಇದ್ದವರನ್ನೂ ಬಿಡುವುದಿಲ್ಲವೆಂದರು. ಕೆಂಪು ಟೊಪ್ಪಿಯವರು ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದರು. ಊರಿನ ಒಳಗೆ ಎಲ್ಲೋ ಜನ ಸೇರಿ ಕೂಗುವ ಸದ್ದು. ಆಚೆ ದಡದ ಚಹಾದಂಗಡಿ ಕಾಣುತ್ತಿತ್ತು. ಜಗಲಿಯ ಮೇಲೆ ಯಾರು ಕುಳಿತಿದ್ದಾರೆಂದು ಮಳೆಯಲ್ಲಿ ಕಾಣುತ್ತಿರಲಿಲ್ಲ.

ಸೇತುವೆಯಿಂದ ಮೇಲಕ್ಕೆ, ತೆಂಗಿನ ಮರೆಯಲ್ಲಿ ಬೆಸ್ತನೊಬ್ಬ ದೋಣಿಯ ನೀರು ಮೊಗೆದು ಚೆಲ್ಲುತ್ತಿದ್ದ. ಹೆಸರು ಕಣ್ಣನ್. ವಿಷಯ ಹೇಳಿದೆ. ಮದಾಮ್ ಮಗನೆಂದ ಕೂಡಲೇ ಮೊಗೆಯುವುದನ್ನು ನಿಲ್ಲಿಸಿದ. "ಆಂದ್ರೆ? ಇದೇ ಹೊಳೆಯಲ್ಲಿ ಅವನಿಗೆ ಈಜು ಕಲಿಸಿದ್ದು ನಾನೇ. ಹತ್ತಿ."

ಹತ್ತಿ ಎಂದರೆ ಸುಲಭವೇ? ನಾನು ಕಾವೇರಿಯನ್ನು ನೆಲ್ಯಹುದಿಕೇರಿಯ ಕಡವಿನಲ್ಲಿ, ಅದೂ ಬೇಸಿಗೆಯಲ್ಲಿ, ಮೊಣಕಾಲು ನೀರಿನಲ್ಲಿ ದಾಟಿದವನು. ಇಲ್ಲಿ ಹೊಳೆ ಕೆಂಪಗೆ ಉಬ್ಬಿ ಸಮುದ್ರಕ್ಕೆ ನುಗ್ಗುತ್ತಿತ್ತು, ಸಮುದ್ರ ಅದನ್ನು ಒಳಕ್ಕೆ ತಳ್ಳುತ್ತಿತ್ತು. ದೋಣಿ ನಡುವೆ ಸಿಕ್ಕಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳದ ಹಾಗೆ ಕುಣಿಯಿತು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಕುಕ್ಕುರುಗಾಲಲ್ಲಿ ಕುಳಿತೆ. ಚಪ್ಪಲಿ ಒಂದು ನೀರಿಗೆ ಹೋಯಿತು. ಕೊಡೆ ಅದರ ಹಿಂದೆ. ಹೊಟ್ಟೆಯಲ್ಲಿದ್ದ ಕಪ್ಪು ಕಾಫಿಯೂ ಹೊಳೆ ಸೇರಿತು.

"ಕಣ್ಣು ಮುಚ್ಚಬೇಡಿ. ದಡ ನೋಡಿ, ದಡ!" ಎಂದು ಕಣ್ಣನ್ ಕೂಗುತ್ತಲೇ ಇದ್ದ.

ದಡ ಮುಟ್ಟಿದಾಗ ನಾನು ಇಳಿಯಲಿಲ್ಲ, ಉರುಳಿದೆ. ಎದ್ದು ತಿರುಗುವಷ್ಟರಲ್ಲಿ ನಮ್ಮ ಕಡೆಯ ಪೊಲೀಸರು ಸೀಟಿ ಊದುತ್ತ ದಡದುದ್ದಕ್ಕೂ ಬರುವುದು ಕಂಡಿತು. ಕಣ್ಣನ್ ಜಲ್ಲೆ ಊರಿ ದೋಣಿಯನ್ನು ನೀರಿಗೆ ತಳ್ಳಿಬಿಟ್ಟ. ನನ್ನನ್ನು ಹಿಡಿದವನು ವಯಸ್ಸಾದ ಹೆಡ್ ಕಾನ್‌ಸ್ಟೇಬಲ್. ನನ್ನ ಚೀಟಿ ನೋಡಿದ.

"ಇದು ಒಂದ್ಸಲ ಹೋಗಿ ಒಂದ್ಸಲ ಬರೋದಕ್ಕೆ. ನೀವು ಬಂದಾಯ್ತು. ಇನ್ನು ಆಚೆ ಹೋಗೋ ಹಾಗಿಲ್ಲ."

"ಆಚೆ ನನ್ನ ಹೆಂಡತಿ ಇದ್ದಾಳೆ!"

"ಮತ್ತೆ ಬಿಟ್ಟು ಯಾಕೆ ಬಂದ್ರಿ?" ಅಂದ ಅವನು. ನಾನು ಒದ್ದೆ ಚೀಟಿಯನ್ನು ಕಿಸೆಗೆ ಹಾಕಿಕೊಂಡೆ.

ಚಹಾದಂಗಡಿ

ಅವನು ಅಲ್ಲೇ ಇದ್ದ. ಅದೇ ಬೆಂಚು, ಅದೇ ಕೋಟು. ನಾನು ಒಂದೇ ಚಪ್ಪಲಿಯಲ್ಲಿ, ನೀರು ಸೋರಿಸುತ್ತ ಅವನ ಎದುರು ನಿಂತು ಮೊದಲು ನೋಡಿದ್ದು ಎಡಗಿವಿ. ತುದಿ ಒಳಕ್ಕೆ ಮಡಚಿಕೊಂಡಿತ್ತು.

"ನಿನ್ನ ಹೆಸರು ಆಂದ್ರೆಯಾ?"

ಅವನು ಊರುಗೋಲಿಗೆ ಕೈ ಹಾಕಿದ. "ಯಾರು ಹೇಳಿದ್ರು?"

"ನಿನ್ನ ತಾಯಿಯ ಮನೆಯಲ್ಲಿ ಇಳ್ಕೊಂಡಿದ್ದೀನಿ ನಾನು."

ಅವನು ಎದ್ದವನು ಮತ್ತೆ ಕುಳಿತ. ಕಡೆಗೆ ಕೇಳಿದ್ದು ಇಷ್ಟೇ: "ಅಮ್ಮಚ್ಚಿ ಇದ್ದಾರಾ?"

ಇದ್ದಾರಾ ಎಂದರೆ! ಅವರಿಗೆ ಇವನ ಸುದ್ದಿ ಇಲ್ಲದ ಹಾಗೆ ಇವನಿಗೂ ಅವರ ಸುದ್ದಿ ಇರಲಿಲ್ಲ. ಕೋಟೆ ಬಿದ್ದಾಗ ಅವನ ತೊಡೆ ಒಡೆದಿತ್ತು. ಗಾಯಾಳುಗಳೆಂದು ಕೆಲವರನ್ನು ವೈರಿಗಳು ಬೇಗ ಬಿಟ್ಟುಕೊಟ್ಟರಂತೆ. ಸೈಗಾನಿನ ಆಸ್ಪತ್ರೆ, ಹಡಗು, ಮದ್ರಾಸು, ರೈಲು. ಮನೆಗೆ ಕಳಿಸಿದ ಒಂದು ಮಾತೂ ಮುಟ್ಟಿರಲಿಲ್ಲ. ಇಲ್ಲಿಗೆ ಬಂದರೆ ಫ್ರೆಂಚ್ ಸೈನ್ಯದವನೆಂದು ಚೀಟಿ ಕೊಡಲಿಲ್ಲ. ಮೇಲಿನವರನ್ನು ಕೇಳುತ್ತೇವೆ, ಕಾದಿರು ಎಂದರು. "ನಮ್ಮ ಇಗರ್ಜಿಯ ಗಂಟೆ ಇಲ್ಲಿಗೆ ಕೇಳಿಸ್ತದೆ" ಅಂದ. "ಜ್ವರದಲ್ಲಿ ಅದು ಸೈಗಾನಿನಲ್ಲೇ ಬಾರಿಸ್ತಿದೆ ಅನ್ನಿಸಿತ್ತು."

ಖಾತ್ರಿ ಮಾಡಿಕೊಳ್ಳಲು ಬಂದೆ, ಖಾತ್ರಿಯಾಯಿತು. ಹೇಳುವುದು ಹೇಗೆ? ಹೊಳೆಯ ಮೇಲೆ ಒಂದು ದೋಣಿಯಿಲ್ಲ. ಆಚೆ ಕಡೆ ಕೂಗು ಹೆಚ್ಚಾಗುತ್ತಿತ್ತು. ಗುಂಡು ಹಾರಿದರೆ? ಗಿರಿಜೆಗೆ ಅಲ್ಲಿನ ಭಾಷೆ ಒಂದಕ್ಷರ ಬಾರದು. ಮನೆ ಬಿಟ್ಟು ನನ್ನನ್ನು ಹುಡುಕಿಕೊಂಡು ಹೊರಟರೆ? ಬೇಡವೆಂದರೂ ಬಂದವಳು, ಬಂದದ್ದು ನನ್ನ ಜೀವ ಕಾಯುವುದಕ್ಕೆ. ಈಗ ನಾನೇ ಅವಳನ್ನು ಪರದೇಶದಲ್ಲಿ ಬಿಟ್ಟು ಬಂದು ಸ್ವದೇಶದಲ್ಲಿ ಚಹಾ ಕುಡಿಯುತ್ತಿದ್ದೆ. ಆ ಹುಡುಗನೂ ನಾನೂ ಒಂದೇ ಬೆಂಚಿನ ಮೇಲೆ, ಒಂದೇ ದಡವನ್ನು ನೋಡುತ್ತ ಕುಳಿತೆವು.

ಹೆಡ್ ಕಾನ್‌ಸ್ಟೇಬಲ್ ಒಮ್ಮೆ ಬಂದು ನಿಂತ. ನಾನು ಎಲ್ಲವನ್ನೂ ಹೇಳಿಕೊಂಡೆ. ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

"ನಂಗೂ ಮಕ್ಕಳಿದ್ದಾರೆ ಸ್ವಾಮಿ. ಆದ್ರೆ ಈ ಸೇತುವೆ ನಂದಲ್ವಲ್ಲ."

ಹೇಳಿ ಹೋದವನು ಆಂದ್ರೆಗೆ ಹೊದೆಯಲು ತನ್ನ ಮಳೆಕೋಟು ಕಳಿಸಿದ.

ಸೇತುವೆ

ಮಧ್ಯಾಹ್ನದ ಹೊತ್ತಿಗೆ ಕೂಗು ಬದಲಾಯಿತು. ಅದನ್ನು ಹೇಗೆ ಹೇಳಲಿ? ಸಿಟ್ಟಿನ ಕೂಗಿಗೂ ಹಬ್ಬದ ಕೂಗಿಗೂ ಇರುವ ವ್ಯತ್ಯಾಸ ಮಾತು ತಿಳಿಯದಿದ್ದರೂ ಗೊತ್ತಾಗುತ್ತದೆ. ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿದ. ಯಾರೋ ಸೇತುವೆಯ ಆ ತುದಿಯಿಂದ ಕೈ ಬೀಸುತ್ತ ಓಡಿಬಂದರು. ಫ್ರೆಂಚರು ಊರನ್ನು ಊರಿನವರ ಕೈಗೆ ಒಪ್ಪಿಸಿ ಹೊರಟರಂತೆ! ಗುಂಡು? ಇಲ್ಲ. ಗಲಾಟೆ? ಇಲ್ಲ. ಎಷ್ಟೋ ತಲೆಮಾರು ಇದ್ದವರು ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ ಬೀಗದ ಕೈ ಕೊಟ್ಟು ಹೋಗಿದ್ದರು.

ನಮ್ಮ ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡ್ಡಗಂಬ ಎತ್ತಬೇಕೋ ಬೇಡವೋ ಎಂದು ಯಾರೂ ಹೇಳಿರಲಿಲ್ಲ. ಕಡೆಗೆ ಜನವೇ ಎತ್ತಿತು. ಹೆಡ್ ಕಾನ್‌ಸ್ಟೇಬಲ್ ನಮ್ಮ ಕಡೆ ಬಂದು, "ಇನ್ನೂ ಕೂತಿದ್ದೀರಾ? ಏಳ್ರಿ, ಏಳ್ರಿ!" ಎಂದು ಆಂದ್ರೆಯ ರಟ್ಟೆಗೆ ಕೈಕೊಟ್ಟು ಎಬ್ಬಿಸಿದ.

ಒಂದು ಕಡೆ ಊರುಗೋಲು, ಇನ್ನೊಂದು ಕಡೆ ನಾನು, ಹಿಂದೆ ಹೆಡ್ ಕಾನ್‌ಸ್ಟೇಬಲ್. ಹುಡುಗ ಹಗುರವಿದ್ದ. ಜನ ಆ ಕಡೆಯಿಂದ ಈ ಕಡೆಗೆ ನುಗ್ಗುತ್ತಿದ್ದರು, ನಾವು ಎದುರಾಗಿ ನಡೆದೆವು. ತಾಯಿಗೆ ಹೇಗೆ ಹೇಳುವುದು, ಎದೆ ಒಡೆಯದ ಹಾಗೆ ಯಾವ ಮಾತಿನಿಂದ ಶುರು ಮಾಡುವುದು ಎಂದು ನನ್ನ ಹರಕು ಮಲಯಾಳದಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಅದರ ಅಗತ್ಯವೇ ಬೀಳಲಿಲ್ಲ. ಸೇತುವೆಯ ನಡುವೆ, ಆ ಜನಜಂಗುಳಿಯಲ್ಲಿ, ಕಪ್ಪು ಗೌನಿನ ಎತ್ತರದ ಹೆಂಗಸು ಬರಿಗಾಲಲ್ಲಿ ಓಡಿಬರುತ್ತಿದ್ದರು. ಅವರ ಕೈ ಹಿಡಿದು, ಜನರನ್ನು ಮೊಣಕೈಯಲ್ಲಿ ತಳ್ಳುತ್ತ ದಾರಿ ಮಾಡುತ್ತಿದ್ದವಳು ನಮ್ಮ ಗಿರಿಜೆ.

"ಎನ್ಟೆ ಮೋನೇ!" ಎಂದರು ಮದಾಮ್. ನನ್ನ ಮಗನೇ ಎಂದು. ಆಮೇಲೆ ಫ್ರೆಂಚಿನಲ್ಲಿ ಏನೇನೋ. ಅವನ ಮುಖ ಹಿಡಿದು, ಕೆನ್ನೆ ತಡವಿ, ಮಡಚಿದ ಕಿವಿಗೆ ಮುತ್ತಿಟ್ಟರು. ಊರುಗೋಲು ಬಿದ್ದುಹೋಯಿತು. ಅವರಿಬ್ಬರೂ ಬೀಳದ ಹಾಗೆ ನಾನೂ ಕಾನ್‌ಸ್ಟೇಬಲನೂ ಎರಡು ಕಡೆ ನಿಂತೆವು.

"ನಿಂಗೆ ಹೇಳ್ಬೇಡ ಅಂದಿದ್ನಲ್ಲ" ಎಂದು ಗಿರಿಜೆಯನ್ನು ಕೇಳಿದೆ. ಗದರಿಸಬೇಕೆಂದಿದ್ದೆ, ಅದು ಗದರಿಕೆಯಾಗಲಿಲ್ಲ.

"ನೀವು ಬರ್ಲಿಲ್ಲ. ನಾನು ಅಳ್ತಾ ಕೂತೆ. ಆಯಮ್ಮ ನನ್ನ ಸಮಾಧಾನ ಮಾಡ್ತಾ ಕೂತ್ರು. ಮಗ ಇದ್ದಾನೋ ಇಲ್ವೋ ಗೊತ್ತಿಲ್ದೋರು ನಂಗೆ ಸಮಾಧಾನ ಹೇಳ್ತಾರಲ್ಲ, ಹೊಟ್ಟೆ ಉರೀತು. ಹೇಳ್ಬಿಟ್ಟೆ."

"ಯಾವ ಭಾಷೇಲಿ?"

ಅವಳು ತನ್ನ ಎಡಗಿವಿಯ ತುದಿಯನ್ನು ಬೆರಳಲ್ಲಿ ಒಳಕ್ಕೆ ಮಡಚಿದಳು. ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿದು ತಿನ್ನುವ ಹಾಗೆ ಮಾಡಿದಳು. ಆಮೇಲೆ ಹೊಳೆಯ ಆಚೆಗೆ ಕೈ ತೋರಿಸಿದಳು.

ವಾಪಸು

ಮಾರನೆಯ ದಿನ ಹೊರಟೆವು. ಗಿರಿಜೆಗೆ ಸಮುದ್ರ ತೋರಿಸಿದೆ. ಮಳೆಗಾಲದ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಗುಡುಗುತ್ತಿತ್ತು. "ಇಷ್ಟೇ ನೀರು ಸಾಕು" ಎಂದು ಅವಳು ದೂರದಿಂದಲೇ ಕೈಮುಗಿದಳು. ಸೇತುವೆಯ ಎರಡು ತುದಿಯಲ್ಲೂ ಯಾರೂ ಚೀಟಿ ಕೇಳಲಿಲ್ಲ. ನಾನು ಅಭ್ಯಾಸಬಲದಿಂದ ಕಿಸೆಯಿಂದ ತೆಗೆದು ಹಿಡಿದುಕೊಂಡೇ ದಾಟಿದೆ.

ಬಿಲ್ಲೆ ನೆನಪಾದದ್ದು ಇರಿಟ್ಟಿಯಲ್ಲಿ. ಬಸ್ಸು ನಿಂತಿತ್ತು, ನಾವು ಹಾಲು ಬೆಲ್ಲ ಹಾಕಿದ ಕಾಫಿ ಕುಡಿಯುತ್ತಿದ್ದೆವು. ಲೋಟ ಕೆಳಗಿಟ್ಟು ಹಣೆ ಚಚ್ಚಿಕೊಂಡೆ. ಆ ಮನೆಯಲ್ಲಿ ಒಂದು ರಾತ್ರಿಯಿಡೀ ಅಳು, ನಗು, ಊಟ, ನೆರೆಮನೆಯವರು, ಪಾದ್ರಿಗಳು. ಬಿಲ್ಲೆಯ ಮಾತು ಮದಾಮ್ ಕೂಡ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ವಾಪಸ್ ಹೋಗಿ ಕೇಳಾನ?" ಎಂದಳು ಗಿರಿಜೆ.

ಯೋಚಿಸಿದೆ. ಆಶ್ಚರ್ಯವೆಂದರೆ ಹೋಗಬೇಕೆನಿಸಲಿಲ್ಲ. ಮೈಯಲ್ಲಿ ಒಂದು ಬಗೆಯ ಹಗುರ, ಜ್ವರ ಬಿಟ್ಟ ಬೆಳಗಿನ ಹಾಗೆ. ಹೆಂಡತಿ ಪಕ್ಕದಲ್ಲಿದ್ದಳು, ಕಾಲಿಗೆ ತಲಚೇರಿಯಲ್ಲಿ ಕೊಂಡ ಹೊಸ ಚಪ್ಪಲಿ ಇತ್ತು, ಬಸ್ಸು ಘಟ್ಟದ ಕಡೆಗೆ ಮುಖ ಮಾಡಿತ್ತು. ಆ ಬಿಲ್ಲೆ ಇವತ್ತಿಗೂ ಅವರ ಮನೆಯಲ್ಲೇ ಇದೆ. ಮದಾಮ್ ಊರು ಬಿಡಲಿಲ್ಲ. ಆ ಕಡೆ ಹೋದಾಗೆಲ್ಲ ಕೈಯಲ್ಲಿ ಹಿಡಿದು ನೋಡಿ ಬರುತ್ತೇನೆ. ಕಪ್ಪು ಕಾಫಿಯನ್ನೂ ಈಗ ಅರ್ಧದವರೆಗೆ ಕುಡಿಯಬಲ್ಲೆ.

ಊರಿಗೆ ಬಂದ ಕೆಲವೇ ದಿನಗಳಲ್ಲಿ ನಮ್ಮ ಅಂಗಡಿಯ ಎದುರಿನ ಹೋಟೆಲಿನ ರೇಡಿಯೋ ಇಂಡೋಚೀನಾದ ಸುದ್ದಿ ಹೇಳಿತು. ಜಿನೀವಾದಲ್ಲಿ ಒಪ್ಪಂದವಾಯಿತು, ಯುದ್ಧ ನಿಂತಿತು. ನಾನು ಗಲ್ಲಾ ಬಿಟ್ಟು ಮನೆಗೆ ಓಡಿದೆ. ಗಿರಿಜೆ ಹಿತ್ತಲಲ್ಲಿ ಮೆಣಸು ಕೇರುತ್ತಿದ್ದಳು.

"ಹಂಗಾದ್ರೆ ಅಲ್ಲಿ ಉಳ್ಕೊಂಡಿರೋರೂ ಮನೆಗೆ ಬತ್ತಾರಾ?" ಎಂದು ಕೇಳಿದಳು.

"ಬರ್ತಾರೆ. ಎರಡೂ ಕಡೆಯವರು ಹಿಡಿದವರನ್ನ ಬಿಡಬೇಕು ಅಂತ ಮಾತಾಗಿದೆಯಂತೆ."

ಅವಳು ಮೊರ ಕೆಳಗಿಟ್ಟಳು.

"ಅವರ ಅಮ್ಮಂದ್ರಿಗೆ ಯಾರಾದ್ರೂ ಹೋಗಿ ಹೇಳ್ಬೇಕಲ್ರೀ" ಅಂದಳು.